ಕೋಳಿಗೂಡು ಕಟ್ಟುತ್ತಾ ಮಗಳಿಗೆ ಪಾಠ ಹೇಳಿಕೊಡಬಹುದಾ?

ಪ್ರಶ್ನೆ, ಬ್ರಹ್ಮಾವರದಿಂದ:
ಮಗಳು ಏಳನೇ ಕ್ಲಾಸ್. ಅಜ್ಜಿ ಮನೆಯಿಂದ ಊರ ಕೋಳಿ ತರಬೇಕು ಅಂತ ಹಟ ಹಿಡಿದಿದ್ದಾಳೆ. ಒಂದು ಹುಂಜ, ಐದು ಹೇಂಟೆ. ಗೂಡು ಅವಳೇ ನಿಂತು ಕಟ್ಟಲಿ, ಪತ್ತನಾಜೆಗೆ (ಮೇ ಕೊನೆಗೆ, ಮಳೆಗಾಲದ ಹೊಸ್ತಿಲಲ್ಲಿ ಬರುವ ತುಳುವರ ದಿನ) ಮೊದಲು ಮುಗಿಯಲಿ ಅಂತ ನನ್ನ ಆಸೆ. ಕ್ಷೇತ್ರಫಲ ಅಂದರೆ ಪುಸ್ತಕ ಮುಚ್ಚುವ ಹುಡುಗಿ. ಮನೆಯಲ್ಲಿ ಕೆಂಪು ಕಲ್ಲು, ಅಡಿಕೆ ಮರ ಸೀಳಿದ ಸಲಾಕೆ ಉಂಟು. ಎಲ್ಲಿಂದ ಶುರು ಮಾಡಲಿ?

ಉತ್ತರ, ಮೂಡಬಿದ್ರೆಯಿಂದ:
ಅಕ್ಕ, ನಾನು ಗಣಿತ ಮೇಷ್ಟ್ರಾಗಿದ್ದವನು, ಈಗ ರಿಟೈರ್ಡ್. ‘ಇವತ್ತು ಕ್ಷೇತ್ರಫಲ ಪಾಠ’ ಅಂತ ಮಾತ್ರ ಹೇಳಬೇಡಿ. ಅಂಗಡಿಯ ಚೀಟಿ ಬರೆಯುವ ಕೆಲಸ ಅವಳಿಗೇ ಬಿಡಿ. ಎಷ್ಟು ಬಲೆ, ಎಷ್ಟುದ್ದದ ತಗಡು, ಎಲ್ಲ ಅವಳೇ ಹೇಳಲಿ.

24 ಅಡಿ ಹಗ್ಗ ಕೊಟ್ಟು ಅಂಗಳದಲ್ಲಿ ಚೌಕಟ್ಟು ಹಾಕಿಸಿ. 10ಕ್ಕೆ 2 ಮಾಡಿದರೆ 20 ಚದರ ಅಡಿ. 8ಕ್ಕೆ 4 ಮಾಡಿದರೆ 32. 6ಕ್ಕೆ 6 ಮಾಡಿದರೆ 36. ಹಗ್ಗ ಅಷ್ಟೇ, ಜಾಗ ಮಾತ್ರ ಜಾಸ್ತಿ! ಒಳಗೆ ನಿಂತು ನೋಡಿದರೆ ಅವಳಿಗೇ ಗೊತ್ತಾಗುತ್ತದೆ. ಆರು ಕೋಳಿಗೆ 36 ಧಾರಾಳ ಆಯ್ತು.

ಮೂಲೆ ಹಿಡಿಯುವುದು ಮೇಸ್ತ್ರಿಗಳ ಹಾಗೆ. ಮೂಲೆಯಿಂದ ಹೊರಡುವ ಒಂದು ದಾರದಲ್ಲಿ 3 ಅಡಿಗೆ ಗುರುತು, ಇನ್ನೊಂದರಲ್ಲಿ 4. ಎರಡು ಗುರುತಿನ ನಡುವೆ ಸರಿಯಾಗಿ 5 ಬಂದರೆ ಮೂಲೆ ಸರಿ. ಪೈಥಾಗೊರಸ್ ಹೆಸರು ಆಮೇಲೆ ಹೇಳಿದರೆ ಸಾಕು.

ನನಗೆ ತುಂಬ ಇಷ್ಟ ಮಾಡಿನ (ಚಾವಣಿಯ) ಲೆಕ್ಕ. 6 ಅಡಿ ಅಗಲಕ್ಕೆ ಒಂದೂವರೆ ಅಡಿ ಇಳಿಜಾರು ಕೊಟ್ಟರೆ 6 ಅಡಿ ತಗಡು ಸಾಲುತ್ತದಾ ಅಂತ ಕೇಳಿ. ಸಾಲುವುದಿಲ್ಲ. ಇಳಿಜಾರಿನ ಉದ್ದವೇ 6 ಅಡಿ 2 ಇಂಚು. ಅದಲ್ಲದೆ ಸೂರು ಹೊರಗೆ ಚಾಚಬೇಕು. 8 ಅಡಿ ತಗಡು ಹಾಕಿದರೆ ಎರಡೂ ಕಡೆ ಸುಮಾರು 11 ಇಂಚು ಸಿಗುತ್ತದೆ. ಪೇಪರಿನಲ್ಲಿ ‘100 ಮಿಲಿಮೀಟರ್ ಮಳೆ’ ಅಂತ ಬರುತ್ತದಲ್ವಾ, ಅಂದರೆ ಒಂದು ಚದರ ಮೀಟರಿಗೆ 100 ಲೀಟರ್ ನೀರು. ನಿಮ್ಮ ಮಾಡಿನಿಂದ ಎಷ್ಟು ಇಳಿಯುತ್ತದೆ ಅಂತ ಅವಳು ಲೆಕ್ಕ ಹಾಕಲಿ. ನೀರು ಎತ್ತ ಹೋಗಬೇಕು ಅಂತಲೂ ಅವಳೇ ಹೇಳುತ್ತಾಳೆ.

ಉತ್ತರ, ಕಾರ್ಕಳದಿಂದ:
ಮೇಷ್ಟ್ರು ಹೇಳಿದ್ದು ಸರಿ. ನಾನು ಕೋಳಿ ಸಾಕುವವಳು, ಒಂದೆರಡು ಮಾತು. ಮಳೆ ಪಡುವಣದಿಂದ ಹೊಡೆಯುತ್ತದೆ, ಆ ಬದಿಗೆ ಕಲ್ಲು ಕಟ್ಟಿ. ಮೂಡಣಕ್ಕೆ ಬಲೆ ಬಿಡಿ, ಬೆಳಗ್ಗಿನ ಬಿಸಿಲು ಒಳಗೆ ಬರುತ್ತದೆ. ಸಾದಾ ಕೋಳಿ ಬಲೆ ಬೇಡ, ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ಗಟ್ಟಿ ತಂತಿ ಬಲೆ) ತನ್ನಿ. ಮುಂಗುಸಿ ಮಣ್ಣು ತೋಡುತ್ತದೆ, ಬಲೆ ಒಂದು ಅಡಿ ನೆಲದೊಳಗೆ ಹೋಗಲಿ.

ನೆಲ ಎತ್ತರಿಸಿ ಅಡಿಕೆ ಸಲಾಕೆ ಹಾಸಿ, ಕಾಲು ಸಿಕ್ಕದಷ್ಟು ಸಂದು ಬಿಡಿ. ಹಿಕ್ಕೆ ಕೆಳಗೆ ಬೀಳುತ್ತದೆ. ಒದ್ದೆ ಹಿಕ್ಕೆಯಿಂದ ಅಮೋನಿಯಾ ಬರುತ್ತದೆ, ಕಣ್ಣು ಉರಿಯುತ್ತದೆ, ಕೋಳಿಗೂ ಕಷ್ಟ. ಬಿಸಿ ಗಾಳಿ ಮೇಲೆ ಹೋಗುತ್ತದೆ, ಹಾಗಾಗಿ ಮಾಡಿನ ಕೆಳಗೆ ಕಿಂಡಿ ಬೇಕೇ ಬೇಕು. ಆ ಕಿಂಡಿಗೂ ಬಲೆ ಹಾಕಿ, ಮೊಟ್ಟೆಗೆ ಹಾವು ಬರುತ್ತದೆ.

ಬ್ರಹ್ಮಾವರದಿಂದ:
ತುಂಬ ಥ್ಯಾಂಕ್ಸ್ ಸರ್, ಅಕ್ಕ. ಚೀಟಿ ಅವಳ ಕೈಗೆ ಕೊಟ್ಟಿದ್ದೇನೆ. ಕಾವಿಗೆ ಕೂರಿಸುವುದು ಯಾವಾಗ ಅಂತ ಈಗಲೇ ಕೇಳುತ್ತಿದ್ದಾಳೆ.

ಕಾರ್ಕಳದಿಂದ:
ಕೋಳಿ ಹೊಸ ಜಾಗಕ್ಕೆ ಹೊಂದಿಕೊಳ್ಳಲಿ. ಹೇಂಟೆ ತಾನೇ ಮೊಟ್ಟೆ ಮೇಲೆ ಕೂತು ಏಳದೇ ಇದ್ದರೆ ಆಗ ಮೊಟ್ಟೆ ಇಡಿ. ಕೂರಿಸಿದ ದಿನ ಕ್ಯಾಲೆಂಡರಿನಲ್ಲಿ ಅವಳೇ ಬರೆಯಲಿ, ಮರಿ ಆಗಲು 21 ದಿನ.