ಅಪ್‌ಡೇಟ್: ಮುಂದಿನ ಡಿಸ್ಕ್ ಬ್ರೇಕ್ ಈಗ ಕೂಗುತ್ತಿಲ್ಲ

ನಿಧಾನಕ್ಕೆ ಬ್ರೇಕ್ ಹಿಡಿದಾಗ ಬೈಕಿನ ಮುಂದಿನ ಡಿಸ್ಕ್ ಕಿರ್ರೆಂದು ಕೂಗುತ್ತದೆ, ಪ್ಯಾಡ್ ಬದಲಿಸಬೇಕಾ ಅಂತ ಕೇಳಿದ್ದೆ. ಮೊದಲು ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಬಿಚ್ಚಿ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ನೀವು ಹೇಳಿದ್ದೇ ಸರಿ.

ಪ್ಯಾಡ್ ಇನ್ನೂ 3 ಮಿ.ಮೀ.ಗಿಂತ ದಪ್ಪ ಇತ್ತು, ಆದರೆ ಗಾಜಿನ ಹಾಗೆ ಹೊಳೆಯುತ್ತಿತ್ತು. ಅಸಲಿ ಕಾರಣ ಸ್ಲೈಡ್ ಪಿನ್, ಅಂದರೆ ಕ್ಯಾಲಿಪರ್ ಅತ್ತಿತ್ತ ಜಾರಲು ಇರುವ ಕಡ್ಡಿ. ಅದರ ಗ್ರೀಸ್ ಪೂರ್ತಿ ಒಣಗಿ, ಕ್ಯಾಲಿಪರ್ ಸರಾಗವಾಗಿ ಜಾರುತ್ತಿರಲಿಲ್ಲ. ಹಾಗಾಗಿ ಒಂದು ಪ್ಯಾಡ್ ಸದಾ ಡಿಸ್ಕಿಗೆ ಉಜ್ಜುತ್ತಲೇ ಇತ್ತು. ಬಿಸಿಯಾಗಿ ಹೊಳಪೇರಿದ ಪ್ಯಾಡ್ ಬ್ರೇಕ್ ಹಿಡಿದಾಗ ನಡುಗುತ್ತದೆ. ಆ ನಡುಕವೇ ಕೂಗು.

ಪಿನ್ ಒರೆಸಿ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿದೆ. ಮಾಮೂಲಿ ಗ್ರೀಸ್ ಬೇಡ, ಪಿನ್ನಿನ ರಬ್ಬರ್ ಊದಿಕೊಳ್ಳುತ್ತದೆ. ಪ್ಯಾಡನ್ನು ಸ್ಯಾಂಡ್ ಪೇಪರ್ ಮೇಲೆ ಉಜ್ಜಿ ಹೊಳಪು ತೆಗೆದೆ, ಡಿಸ್ಕನ್ನು ಬ್ರೇಕ್ ಕ್ಲೀನರ್‌ನಲ್ಲಿ ಒರೆಸಿದೆ. ಪ್ಯಾಡಿನ ಧೂಳು ಒಳ್ಳೆಯದಲ್ಲ, ಮಾಸ್ಕ್ ಹಾಕಿಕೊಳ್ಳಿ. ಜೋಡಿಸಿದ ಮೇಲೆ ಲಿವರ್ ಗಟ್ಟಿಯಾಗುವವರೆಗೂ ಒತ್ತಿ, ಆಮೇಲೇ ಗಾಡಿ ತೆಗೆಯಿರಿ. ಖಾಲಿ ರಸ್ತೆಯಲ್ಲಿ ವೇಗ ಹೆಚ್ಚಿಸಿ ಬ್ರೇಕ್ ಹಿಡಿದು ಮೆಲ್ಲಗೆ ಇಳಿಸುತ್ತಾ ಪ್ಯಾಡ್ ಡಿಸ್ಕಿಗೆ ಸರಿಯಾಗಿ ಹೊಂದಿ ಕೂರುವಂತೆ ಮಾಡಿದೆ.

ಈಗ ಸದ್ದೇ ಇಲ್ಲ. ಮಳೆಯಲ್ಲಿ ನಿಂತ ಗಾಡಿ ಬೆಳಗ್ಗೆ ಸ್ವಲ್ಪ ಕೂಗಿದರೆ ಚಿಂತೆ ಬೇಡ, ತೆಳು ತುಕ್ಕು ಉಜ್ಜಿ ಹೋಗುತ್ತದೆ. ಡಿಸ್ಕಿಗೆ ಎಣ್ಣೆ ಸ್ಪ್ರೇ ಮಾತ್ರ ಹೊಡೆಯಬೇಡಿ, ಬ್ರೇಕೇ ಹಿಡಿಯುವುದಿಲ್ಲ!