ಸಹಾಯ ಬೇಕು: ಪಿಟಿಸಿಎಲ್ ಪ್ರಬಂಧಕ್ಕೆ ಎಸಿ, ಡಿಸಿ ಆದೇಶಗಳ ಪ್ರತಿ

ನಮಸ್ಕಾರ. ಎಲ್‌ಎಲ್‌ಬಿ ಆನರ್ಸ್ ಪ್ರಬಂಧಕ್ಕೆ ಗೈಡ್ ಒಪ್ಪಿರುವ ಪ್ರಶ್ನೆ: 1978ರ ಪಿಟಿಸಿಎಲ್ ಕಾಯ್ದೆಯಡಿ (ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ನಿರ್ಬಂಧಿಸುವ ಕರ್ನಾಟಕದ ಕಾಯ್ದೆ) ಜಮೀನು ಮರಳಿ ಕೋರಿ ತಡವಾಗಿ ಬಂದ ಅರ್ಜಿಗಳು 2023ರ ತಿದ್ದುಪಡಿಯ ನಂತರ ಏನಾಗುತ್ತಿವೆ? ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ (2017) ಸುಪ್ರೀಂ ಕೋರ್ಟ್ ಸಮಂಜಸ ಅವಧಿಯೊಳಗೆ ಅರ್ಜಿ ಹಾಕಬೇಕೆಂದಿತು. ತಿದ್ದುಪಡಿ ಅರ್ಜಿಗೆ ಕಾಲಮಿತಿಯೇ ಇಲ್ಲ ಎಂದಿತು. ಭೂಮಿ ಕಳೆದುಕೊಂಡ ದಲಿತ ಕುಟುಂಬಗಳಿಗೆ ಇದು ಸಣ್ಣ ಪ್ರಶ್ನೆಯಲ್ಲ.

ಹೈಕೋರ್ಟ್ ತೀರ್ಪುಗಳು ಸಿಗುತ್ತವೆ. ಬೇಕಿರುವುದು ಕಲಂ 5ರಡಿಯ ಎಸಿ (ಉಪವಿಭಾಗಾಧಿಕಾರಿ) ಆದೇಶ, 5ಎ ಅಡಿಯ ಡಿಸಿ (ಜಿಲ್ಲಾಧಿಕಾರಿ) ಮೇಲ್ಮನವಿ ಆದೇಶ. ಮಂಜೂರಾತಿ, ಕ್ರಯ, ಅರ್ಜಿ, ಈ ಮೂರೂ ದಿನಾಂಕ ಇಲ್ಲದೆ ವಿಳಂಬ ಲೆಕ್ಕಕ್ಕೆ ಸಿಗದು. ಹೆಡ್‌ನೋಟ್ (ತೀರ್ಪಿನ ಮೇಲಿನ ಸಾರಾಂಶ) ಮಾತ್ರ ನೋಡಿ ಪಟ್ಟಿ ಮಾಡಿದರೆ ಎಡವುವುದೇ ಇಲ್ಲಿ. ಹೈಕೋರ್ಟ್‌ಗೆ ಹಾಕಿದ ರಿಟ್ ಅರ್ಜಿಯ ಅನೆಕ್ಷರ್‌ಗಳಲ್ಲಿ (ಲಗತ್ತುಗಳಲ್ಲಿ) ಈ ಆದೇಶಗಳಿರುತ್ತವೆ. ವಕೀಲ ಮಿತ್ರರು ಕಕ್ಷಿದಾರರ ಒಪ್ಪಿಗೆ ಪಡೆದು, ಹೆಸರು, ಸರ್ವೆ ನಂಬರ್ ಮುಚ್ಚಿ ಕಳಿಸಬಹುದೇ? ಒಂದೇ ಉಪವಿಭಾಗದವಾದರೆ ಹೋಲಿಕೆ ಗಟ್ಟಿಯಾಗುತ್ತದೆ. ಅರ್ಜಿ ವಜಾ ಆದವೂ ಬೇಕು.