ಊರ ಕೆರೆ ಮೀನಿಗೆ ಹೆಂಪ್ ಹಿಂಡಿ ಹಾಕಬಹುದಾ?

ಸೂಳೆಕೆರೆ ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಚನ್ನಗಿರಿ ತಾಲ್ಲೂಕು. ಊರ ಕೆರೆಗೆ ಸಂಘದಿಂದ ಕಾಟ್ಲಾ, ರೋಹು, ಮೃಗಾಲ್ ಮರಿ ಬಿಟ್ಟಿದ್ದೇವೆ. ಮಹಿಳಾ ಸಂಘದವರದ್ದೂ ಪಕ್ಕದಲ್ಲೇ ಎರಡು ಸಣ್ಣ ಹೊಂಡ ಇವೆ. ಮೇವಿನ ಖರ್ಚೇ ತಲೆನೋವು. ಶೇಂಗಾ ಹಿಂಡಿ ರೇಟು ಕೇಳಿದರೆ ನಾವು ಮೀನು ಸಾಕುತ್ತಿದ್ದೇವಾ ಇಲ್ಲ ಹಿಂಡಿ ಅಂಗಡಿಯವರನ್ನಾ ಅನ್ನಿಸುತ್ತೆ. ಒಬ್ಬರು ಹೆಂಪ್ ಬೀಜದ ಹಿಂಡಿ ಹಾಕಿ ಅಂತಿದ್ದಾರೆ, ಪ್ರೋಟೀನ್ ಇದೆಯಂತೆ, ಸಮುದ್ರದ ಮೀನನ್ನು ಪುಡಿ ಮಾಡಿ ಕೆರೆ ಮೀನಿಗೆ ಹಾಕೋದೂ ತಪ್ಪುತ್ತಂತೆ. ಅದು ಗಾಂಜಾ ಜಾತಿಯದೇ ಅಲ್ವಾ? ಏರಿ ಪಕ್ಕ ನಾವೇ ಬೆಳೆದುಕೊಳ್ಳಬಹುದಾ? ಆ ಮೀನು ತಿಂದರೆ ನಶೆ ಏರುತ್ತಾ ಅಂತ ನಮ್ಮ ಅಧ್ಯಕ್ಷರು ಕೇಳುತ್ತಿದ್ದಾರೆ, ನಗಬೇಡಿ.

ಹಿರಿಯೂರು ಬಲೆ:
ತಮ್ಮಾ, ಬೆಳೆಯೋ ಮಾತು ಮೊದಲು ಬಿಡು. 1985ರ ಎನ್‌ಡಿಪಿಎಸ್ ಅನ್ನೋ ಮಾದಕವಸ್ತು ತಡೆ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಬೆಳೆದರೆ ಕೇಸು. ಉತ್ತರಾಖಂಡದಲ್ಲಿ 2018ರಿಂದ ಲೈಸೆನ್ಸ್ ಕೊಡುತ್ತಿದ್ದಾರೆ, ಅದೂ ನಶೆ ಕೊಡುವ ಟಿಎಚ್‌ಸಿ ಶೇ 0.3 ಮೀರದ ತಳಿಗೆ ಮಾತ್ರ. ಬೀಜದ ವಿಷಯ ಬೇರೆ. ಬರೀ ಬೀಜವನ್ನು ಆ ಕಾಯ್ದೆ ಗಾಂಜಾ ಅಂತ ಲೆಕ್ಕಕ್ಕೆ ತಗೊಳ್ಳಲ್ಲ, 2021ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೆಂಪ್ ಬೀಜವನ್ನೂ ಅದರ ಎಣ್ಣೆಯನ್ನೂ ಮನುಷ್ಯರು ತಿನ್ನಲು ಒಪ್ಪಿದೆ. ಬೀಜದೊಳಗೆ ನಶೆ ಇರಲ್ಲ, ಹೂವಿನ ಅಂಟು ಸಿಪ್ಪೆಗೆ ತಾಗಿದ್ದರೆ ಚೂರುಪಾರು ಇರಬಹುದು ಅಷ್ಟೆ. ಅಧ್ಯಕ್ಷರು ನೆಮ್ಮದಿಯಾಗಿ ಊಟ ಮಾಡಲಿ. ತರಿಸಿದರೆ ಬಿಲ್ ಮಾತ್ರ ಜೋಪಾನ.

ಚಳ್ಳಕೆರೆ ಗಾಣ:
ಹೆಂಪ್ ಬೀಜದಲ್ಲಿ ಪ್ರೋಟೀನ್ ಸುಮಾರು ಶೇ 25, ಎಣ್ಣೆ ತೆಗೆದ ಹಿಂಡಿಯಲ್ಲಿ 30ರ ಆಚೀಚೆ. ನಮ್ಮ ಶೇಂಗಾ ಹಿಂಡಿಯಲ್ಲಿ 40ರ ಮೇಲಿದೆ! ಹೆಂಪ್‌ನಲ್ಲಿ ಒಮೆಗಾ-3 ಇದೆ, ಒಳ್ಳೆಯದೇ. ಆದರೆ ನಾರು ಜಾಸ್ತಿ, ಪ್ರೋಟೀನಿನಲ್ಲಿ ಇರಬೇಕಾದ ಲೈಸಿನ್ ಅನ್ನೋ ಅಂಶ ಕಡಿಮೆ, ಅದರ ಫೈಟಿಕ್ ಆಮ್ಲ ರಂಜಕವನ್ನು ಮೀನಿನ ಮೈಗೆ ಹತ್ತೋಕೆ ಬಿಡಲ್ಲ. ಉತ್ತರಾಖಂಡದಿಂದ ಲಾರಿ ಬಾಡಿಗೆ ಕೊಟ್ಟು ತರಿಸಿ ಅದನ್ನು ಪರಿಸರಸ್ನೇಹಿ ಅನ್ನೋದು ನನಗಂತೂ ತಮಾಷೆ. ಮೀನಿನ ಪುಡಿ ಜಾಸ್ತಿ ಬೇಕಿರೋದು ಸಿಗಡಿಗೆ, ಕಾಟ್ಲಾ, ರೋಹು ತರದ ಗೆಂಡೆ ಜಾತಿಗಲ್ಲ. ಸಗಣಿ ಗೊಬ್ಬರ ಹಾಕಿ ನೀರು ತಿಳಿ ಹಸಿರಾದರೆ ಅರ್ಧ ಮೇವು ಕೆರೆಯಲ್ಲೇ ಹುಟ್ಟುತ್ತೆ. ಮೇಲೆ ಕಾಟ್ಲಾ, ನಡುವೆ ರೋಹು, ತಳದಲ್ಲಿ ಮೃಗಾಲ್ ಮೇಯುತ್ತವೆ. ಉಳಿದದ್ದಕ್ಕೆ ದಾವಣಗೆರೆ ರೈಸ್ ಮಿಲ್ ತೌಡು, ನಮ್ಮೂರ ಹಿಂಡಿ ಸಮಸಮ. ಬೂಸ್ಟು ಹಿಡಿದ ಹಿಂಡಿ ಮಾತ್ರ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ, ಅದರಲ್ಲಿ ಅಫ್ಲಾಟಾಕ್ಸಿನ್ ಅನ್ನೋ ಬೂಸ್ಟಿನ ವಿಷ ಇರಬಹುದು, ಮೀನಿನ ಲಿವರ್ ಹಾಳು.

ಹೊಂಡದ ಅಕ್ಕ:
ಗಾಣದಣ್ಣ ಹೇಳಿದ್ದು ಸರಿ, ಆದರೂ ಸ್ವಲ್ಪ ಅಗ್ಗಕ್ಕೆ ಸಿಕ್ಕರೆ ನೋಡೋದರಲ್ಲಿ ತಪ್ಪೇನು? ಕೆರೆಗೆ ಬೇಡ. ಎರಡು ಹೊಂಡ ಇವೆಯಲ್ಲ, ಒಂದರಲ್ಲಿ ಹಿಂಡಿಯ ಕಾಲು ಭಾಗ ಮಾತ್ರ ಹೆಂಪ್ ಮಾಡಿ, ಇನ್ನೊಂದು ಇದ್ದ ಹಾಗೇ ಇರಲಿ. ರಾತ್ರಿ ನೆನೆಸಿ, ಬೆಳಿಗ್ಗೆ ತೌಡಿನ ಜೊತೆ ಕಲಸಿ, ತೂತು ಮಾಡಿದ ಚೀಲಕ್ಕೆ ತುಂಬಿ ಗಳಕ್ಕೆ ನೇತು ಹಾಕಿ. ಮೀನು ಬಂದು ತೂತಿಗೆ ಬಾಯಿ ಹಚ್ಚಿ ಎಳೆಯುತ್ತೆ, ಸಂಜೆ ಚೀಲದಲ್ಲಿ ಎಷ್ಟು ಉಳಿದಿದೆ ಅಂತ ನೋಡಿದರೆ ಒಗ್ಗಿತೋ ಇಲ್ಲವೋ ಗೊತ್ತಾಗುತ್ತೆ. ತಿಂಗಳಿಗೊಮ್ಮೆ ಬೀಸುಬಲೆ ಹಾಕಿ ತೂಕ ಬರೆದಿಡಿ. ಮೋಡ ಕವಿದ ದಿನ ಮೇವು ಕಡಿಮೆ ಮಾಡಿ, ಇಲ್ಲದಿದ್ದರೆ ಬೆಳಗಿನ ಜಾವ ಮೀನು ಉಸಿರು ಸಾಲದೆ ಮೇಲೆ ಬಂದು ಬಾಯಿ ಬಿಡುತ್ತವೆ. ಇನ್ನೊಂದು, ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಸೆಣಬಿನ ಬೀಜವನ್ನು ಇದೇ ಅಂತ ಯಾರಾದರೂ ಕೊಟ್ಟಾರು. ಅದು ವಿಷ, ಹಾಕಲೇಬೇಡಿ.

ಸೂಳೆಕೆರೆ ಹುಡುಗ:
ಥ್ಯಾಂಕ್ಸ್ ಅಕ್ಕಾ, ಅಣ್ಣಂದಿರೇ. ಕೆರೆಗೆ ತೌಡು, ಶೇಂಗಾ ಹಿಂಡಿಯೇ ಗಟ್ಟಿ. ಹೊಂಡದ ವಿಷಯ ಮಹಿಳಾ ಸಂಘದ ಮೀಟಿಂಗಿನಲ್ಲಿ ಕೇಳುತ್ತೇನೆ, ದುಡ್ಡು ಅವರದು. ಗಾಣದಣ್ಣ, ಹೊಸ ಹಿಂಡಿ ಚೀಲಕ್ಕೆ ಈಗ ಏನು ರೇಟು?